ಹದಿಮೂರನೆಯ ನಿಯಮದ ಕರಡುಗಳು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎನ್ನುವುದರಲ್ಲೇ ನನಗೆ ಹನ್ನೊಂದು ದಿನ ಕಳೆದುಹೋಯಿತು. ಮೊದಲು ಗಂಟೆ ಬಾರಿಸಿ ಶುರು ಮಾಡಿದೆ. ಶಾಲೆಯ ಕಥೆ ಎಂದ ಮೇಲೆ ಮೊದಲ ಸಾಲಿನಲ್ಲೇ ಗಂಟೆ ಹೊಡೆಯಬೇಕು ಎಂದು ಯಾರು ಕಟ್ಟಳೆ ಮಾಡಿದರೋ ಕಾಣೆ, ಹರಿದು ಹಾಕಿದೆ. ಎರಡನೆಯ ಸಲ ಒಬ್ಬ ಹುಡುಗಿಯನ್ನು ಕಿಟಕಿಯ ಪಕ್ಕ ಕೂರಿಸಿ ಹೊರಗೆ ನೋಡಿಸಿದೆ. ಕಥೆಗಳಲ್ಲಿ ಹುಡುಗಿಯರು ಕಿಟಕಿಯಿಂದ ಆಚೆ ನೋಡಿ ನೋಡಿ ಅವರ ಕತ್ತಿನ ಗತಿ ಏನಾಗಿರಬೇಡ. ಅದನ್ನೂ ಬಿಟ್ಟೆ. (ಈ ನಡುವೆ ಪತ್ರಿಕೆಯ ಸಂಪಾದಕಿ ಮೂರು ಸಲ ಫೋನ್ ಮಾಡಿದರು. ಮೂರು ಸಲವೂ ನಾನು ಇನ್ನೇನು ಮುಗಿದೇ ಹೋಯಿತು ಎಂದೆ. ಕಥೆ ಬರೆಯುವವರ ಹಣೆಬರಹವೇ ಇಷ್ಟು.)

ಮೂರನೆಯ ಸಲ ಒಂದು ಹಾಳೆಯಿಂದ ಶುರು ಮಾಡಿದೆ. ಸದ್ಯಕ್ಕೆ ಅದೇ ಉಳಿದಿದೆ, ಅದನ್ನೇ ನಿಮ್ಮ ಕೈಗೆ ಕೊಡುತ್ತಿದ್ದೇನೆ.

ಏಳನೇ ತರಗತಿಯ ಇಂಗ್ಲಿಷ್ ಮಿಸ್ ವರ್ಷದ ಮೊದಲ ದಿನ ಮಕ್ಕಳಿಗೆ ಹಂಚುವ ಹಾಳೆ ಅದು. ಮೇಲೆ ದಪ್ಪ ಅಕ್ಷರದಲ್ಲಿ 'ನಿರೀಕ್ಷೆಗಳು ಮತ್ತು ನಿಯಮಗಳು'. ಕೆಳಗೆ ಒಂದರಿಂದ ಹನ್ನೆರಡು. ಇಡೀ ಹಾಳೆ ಇಂಗ್ಲಿಷಿನಲ್ಲಿದೆ, ನಮಗೆ ಬೇಕಾದಷ್ಟನ್ನು ಮಾತ್ರ ನಮ್ಮ ಮಾತಿನಲ್ಲಿ ಬರೆಯುತ್ತೇನೆ.

ನಾಲ್ಕು: ಕ್ಲಾಸಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ.
ಐದು: ತಪ್ಪುಗಳಿರುವ ಕೆಲಸವನ್ನು ಒಪ್ಪಿಸಬಾರದು.
ಆರು: ತಡವಾದರೆ ದಿನಕ್ಕೊಂದು ಅಂಕ ಕಡಿತ. ಮೂರು ದಿನ ದಾಟಿದರೆ ಸೊನ್ನೆ.
ಎಂಟು: ಬೆಂಚಿನ ಕೆಳಗೆ ಚೂಯಿಂಗ್ ಗಮ್ ಸಿಕ್ಕಿದರೆ ಬೆಂಚಿನ ಮೇಲೆ ಕುಳಿತವರೇ ಹೊಣೆ.
ಒಂಬತ್ತು: ನೆಪ ಹೇಳುವಂತಿಲ್ಲ. ಬಾಯಲ್ಲೂ ಇಲ್ಲ, ಬರಹದಲ್ಲೂ ಇಲ್ಲ.
ಹನ್ನೆರಡು: ಈ ಹಾಳೆಯನ್ನು ಮನೆಯಲ್ಲಿ ಓದಿ ಹೇಳಿ, ಸಹಿ ಹಾಕಿಸಿ ತರಬೇಕು.

ಉಳಿದವು ಪೆನ್ಸಿಲ್ಲು, ಫೋನು, ಬಾತ್‌ರೂಮಿಗೆ ಹೋಗುವ ಚೀಟಿ ಇಂಥವು. ಅವುಗಳಿಗೆ ಈ ಕಥೆಯಲ್ಲಿ ಕೆಲಸವಿಲ್ಲ.

೨

ಇಲ್ಲಿಯವರೆಗೆ ಬರೆದದ್ದನ್ನು ಮಿಸ್ ಓದಿದರು. (ಪಾತ್ರಗಳಿಗೆ ಕರಡು ತೋರಿಸಬಾರದು ಎಂದು ಹಿರಿಯರೊಬ್ಬರು ನನಗೆ ಹೇಳಿದ್ದರು. ಕೇಳಬೇಕಿತ್ತು.)

"ಬರೀ ನಿಯಮ ಕೊಟ್ಟಿದೀರಿ," ಎಂದರು. "ಯಾಕೆ ಬಂತು ಅಂತ ಬರೀಲಿಲ್ಲ. ಓದಿದವರು ನನ್ನನ್ನ ರಾಕ್ಷಸಿ ಅಂದ್ಕೋತಾರೆ."

ನ್ಯಾಯವಾದ ಮಾತು. ಬರೆಯುತ್ತೇನೆ.

ಒಂಬತ್ತು ವರ್ಷದ ಹಿಂದೆ ಮಿಸ್ ಈ ಶಾಲೆಗೆ ಸೇರಿದಾಗ ಅವರ ಬಳಿ ನಿಯಮಗಳೇ ಇರಲಿಲ್ಲ. ಯಾರು ಏನು ಹೇಳಿದರೂ ನಂಬುತ್ತಿದ್ದರು. ಒಬ್ಬ ಹುಡುಗನ ಅಜ್ಜಿ ಒಂದೇ ವರ್ಷದಲ್ಲಿ ನಾಲ್ಕು ಸಲ ತೀರಿಕೊಂಡರು, ನಾಲ್ಕು ಸಲವೂ ಮಿಸ್ ಅವನ ತಲೆ ನೇವರಿಸಿದರು. ವಾರ್ಷಿಕೋತ್ಸವದ ದಿನ ಆ ಅಜ್ಜಿ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿದ್ದುದನ್ನು ನೋಡಿ ಇಡೀ ಸ್ಟಾಫ್ ರೂಮ್ ಬಿದ್ದು ಬಿದ್ದು ನಕ್ಕಿತು. ಮಿಸ್ ಕೂಡ ನಕ್ಕರು. ಆಮೇಲೆ ಚಾಕ್‌ಪೀಸ್ ಇಡುವ ಬೀರುವಿನ ಹಿಂದೆ ನಿಂತು ಅತ್ತರು. ಒಂಬತ್ತನೆಯ ನಿಯಮ ಹುಟ್ಟಿದ್ದು ಆ ಬೀರುವಿನ ಹಿಂದೆ.

ಐದನೆಯದು ಭಾನುವಾರಗಳ ಕೂಸು. ಪ್ರತಿ ಭಾನುವಾರ ಮೂವತ್ತೆಂಟು ಪುಸ್ತಕ. ಅರ್ಧ ವಾಕ್ಯಕ್ಕೆ ನಿಂತ ಹಾಳೆ, ತಲೆಕೆಳಗಾಗಿ ಪಿನ್ ಹೊಡೆದ ಹಾಳೆ, ಬರೆದವರೇ ಒಮ್ಮೆಯೂ ತಿರುಗಿ ಓದದ ಹಾಳೆ. ಒಬ್ಬಳಂತೂ ಇಂಗ್ಲಿಷ್ ಪ್ರಬಂಧ ಎಂದು ಗಣಿತದ ಲೆಕ್ಕ ಕೊಟ್ಟಿದ್ದಳು, ಅದೂ ತಪ್ಪು ಲೆಕ್ಕ. ಮಿಸ್‌ಗೆ ತಲೆ ಚಿಟ್ಟು ಹಿಡಿದು, ನೋಡಿಕೊಂಡು ಕೊಡಿ ಎನ್ನುವ ಅರ್ಥದಲ್ಲಿ ಆ ಸಾಲು ಬರೆದರು. ಬರೆಯುವಾಗ ಸುಸ್ತಾಗಿತ್ತು. ಸುಸ್ತಾದಾಗ ಬರೆದ ಸಾಲು ಸಿಟ್ಟಿನಲ್ಲಿ ಬರೆದ ಹಾಗೆ ಕಾಣುತ್ತದೆ, ಇದು ನನಗೂ ಗೊತ್ತಿರುವ ವಿಷಯ.

"ಈಗ ಸರಿ ಇದೆಯಾ?" ಎಂದು ಕೇಳಿದೆ.

"ಬೀರು ವಿಷಯ ಬೇಕಿರ್ಲಿಲ್ಲ," ಎಂದರು. ಆದರೆ ಹೊಡೆದು ಹಾಕಲು ಹೇಳಲಿಲ್ಲ.

೩

ಈಗ ಹುಡುಗಿ. ಕಿಟಕಿಯ ಪಕ್ಕದಲ್ಲಲ್ಲ, ಮೂರನೇ ಬೆಂಚಿನ ನಡುವೆ ಕೂರುತ್ತಾಳೆ. ಮಾತಾಡಿದರೆ ಪಕ್ಕದವಳಿಗೆ ಕೇಳಿಸುವುದೇ ಹೆಚ್ಚು, ಹಾಗಾಗಿ ಕ್ಲಾಸಿನಲ್ಲಿ ಅವಳ ಹೆಸರು ಪಿಸು. ಅವಳಿಗೆ ಆ ಹೆಸರಿನ ಬಗ್ಗೆ ಬೇಜಾರಿಲ್ಲ. ಹಾಜರಿ ಕೂಗಿದಾಗ ಬಾಯಿ ತೆರೆಯುವ ಮೊದಲೇ ಕೈ ಎತ್ತುತ್ತಾಳೆ.

ವರ್ಷದ ಮೊದಲ ಪ್ರಬಂಧದ ವಿಷಯ: ನಮ್ಮ ಮನೆಯ ಒಂದು ಗಂಟೆ. ಒಂದೇ ಪುಟ, ಮೂರು ಹಂತ. ಮೊದಲು ಟಿಪ್ಪಣಿ, ಆಮೇಲೆ ಕರಡು, ಕೊನೆಗೆ ಅಚ್ಚುಕಟ್ಟು ಪ್ರತಿ. ಹಂತಕ್ಕೆ ಹತ್ತು ಅಂಕ. ಪಿಸು ಟಿಪ್ಪಣಿ ಕೊಡಲಿಲ್ಲ, ಸೊನ್ನೆ. ಕರಡು ಕೊಡಲಿಲ್ಲ, ಸೊನ್ನೆ. ಅಚ್ಚುಕಟ್ಟು ಪ್ರತಿಯೂ ಬರಲಿಲ್ಲ.

ಆ ಶಾಲೆಯಲ್ಲಿ ಒಂದೇ ವಿಷಯದಲ್ಲಿ ಮೂರು ಸೊನ್ನೆ ಬಂದರೆ ಮಗುವನ್ನು 'ಬೆಂಬಲ ತರಗತಿ'ಗೆ ಹಾಕುತ್ತಾರೆ. ಹೆಸರೇನೋ ಬೆಂಬಲ. ಕೆಳಗಿನ ಮಹಡಿಯಲ್ಲಿ ಸ್ಟೋರ್ ರೂಮಿನ ಪಕ್ಕದ ಕೋಣೆ, ಲೈಬ್ರರಿ ಪೀರಿಯಡ್ ಇಲ್ಲ, ಆಟದ ಪೀರಿಯಡ್ ಅರ್ಧ, ಬಿಟ್ಟ ಸ್ಥಳ ತುಂಬುವ ಅಭ್ಯಾಸವೇ ವರ್ಷವಿಡೀ. ಒಮ್ಮೆ ಹೋದವರು ಆ ವರ್ಷ ಮೇಲೆ ಬಂದದ್ದಿಲ್ಲ. ಶುಕ್ರವಾರ ಮೂರೂವರೆಗೆ ಪಟ್ಟಿ ತಮ್ಮ ಟೇಬಲ್ ಮೇಲಿರಬೇಕು ಎಂದು ಹೆಡ್‌ಮಿಸ್ ಹೇಳಿದ್ದರು. ಪಟ್ಟಿಯಲ್ಲಿ ಮೂರು ಹೆಸರು, ಮೂರನೆಯದು ಪಿಸುವಿನದು.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡಬಹುದಿತ್ತು. ಮಿಸ್ ಮೇಲೆ ನನಗೆ ಅಕ್ಕರೆ ಇದೆ, ಮುಚ್ಚಿಡುವ ಆಸೆಯೂ ಆಯಿತು. ಆದರೆ ಅವರೇ ಬೇಡ, ಬರೀರಿ ಎಂದರು.

ಎರಡನೆಯ ಸೊನ್ನೆಯ ದಿನ ಮಿಸ್ ಅವಳ ಬೆಂಚಿನ ಹತ್ತಿರ ಹೋಗಿ ಕರಡು ಎಲ್ಲಿ ಎಂದು ಕೇಳಿದ್ದರು. ಪಿಸು ಎದ್ದು ನಿಂತಳು. ಏನೋ ಹೇಳಲು ಬಾಯಿ ತೆರೆದಳು. ಮಿಸ್ ಆಗ ಗೋಡೆಯ ಮೇಲೆ ಅಂಟಿಸಿದ್ದ ಹಾಳೆಯ ಕಡೆಗೆ, ಒಂಬತ್ತನೆಯ ಸಾಲಿನ ಕಡೆಗೆ, ಬೆರಳು ತೋರಿಸಿದರು. ಪಿಸು ಅದನ್ನು ನೋಡಿ ಬಾಯಿ ಮುಚ್ಚಿ ಕುಳಿತಳು.

೪

ಅಪ್ಪ ಬರಬೇಕು. ಮಗಳನ್ನು ಕೆಳಗಿನ ಕೋಣೆಗೆ ಕಳಿಸಲು ಒಪ್ಪಿಗೆ ಪತ್ರಕ್ಕೆ ಸಹಿ ಬೇಕು.

ಮೊದಲ ಬರವಣಿಗೆಯಲ್ಲಿ ಈ ಅಪ್ಪನನ್ನು ವಾಚ್ ರಿಪೇರಿಯವರನ್ನಾಗಿ ಮಾಡಿದ್ದೆ. ತಡವಾಗಿ ಕೊಡುವವರ ಕಥೆಯಲ್ಲಿ ವಾಚು! ಇಷ್ಟು ಅಗ್ಗದ ಲಾಭ ನನಗೂ ಬೇಡ, ನಿಮಗೂ ಬೇಡ ಎನ್ನಿಸಿತು. ನಿಜದಲ್ಲಿ ಅವರು ಲಿಫ್ಟ್ ಮೆಕ್ಯಾನಿಕ್. (ಲಿಫ್ಟು ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಅದೂ ಬದುಕಿನ ಸಂಕೇತವಲ್ಲವೇ ಎಂದು ನನ್ನ ಹಿಂದೆ ಬೀಳಬೇಡಿ. ಆ ಮನುಷ್ಯ ಲಿಫ್ಟ್ ರಿಪೇರಿ ಮಾಡುತ್ತಾರೆ, ಅಷ್ಟೇ.)

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಅವರು ಸ್ಟಾಫ್ ರೂಮಿಗೆ ಬಂದರು. ಹೆಗಲಿಗೆ ಟೂಲ್ ಬ್ಯಾಗು, ಕೈಯಲ್ಲಿ ಗ್ರೀಸು ಒರೆಸುವ ಬಟ್ಟೆ. ಕೂರಿ ಎಂದು ಎರಡು ಸಲ ಹೇಳಿದ ಮೇಲೆ ಕುರ್ಚಿಯ ತುದಿಯಲ್ಲಿ ಕುಳಿತರು. ಮಿಸ್ ಪತ್ರವನ್ನು ಮುಂದಿಟ್ಟು, ಮಗಳು ಮೂರು ಕೆಲಸ ಕೊಟ್ಟಿಲ್ಲ, ನಿಯಮಗಳನ್ನು ಮೊದಲ ದಿನವೇ ಕೊಟ್ಟಾಗಿತ್ತು, ನೀವೇ ಸಹಿ ಮಾಡಿದ್ದೀರಿ ಎಂದು ಮೆಲ್ಲಗೆ ವಿವರಿಸಿದರು. ಹಾಳೆಯ ಇನ್ನೊಂದು ಪ್ರತಿ ತೋರಿಸಲು ಡ್ರಾಯರ್ ಎಳೆದರು.

"ಬೇಡ ಮಿಸ್, ನನಗೆ ಬಾಯಿಗೆ ಬರುತ್ತೆ," ಎಂದರು ಅಪ್ಪ. ಹೇಳಿಯೂ ಬಿಟ್ಟರು, ಒಂದರಿಂದ ಹನ್ನೆರಡರವರೆಗೆ, ಚೂಯಿಂಗ್ ಗಮ್ಮೂ ಸೇರಿ.

ಮಿಸ್ ಡ್ರಾಯರನ್ನು ಅರ್ಧಕ್ಕೇ ಬಿಟ್ಟು ಅವರ ಮುಖ ನೋಡಿದರು. ಇಷ್ಟು ವರ್ಷಗಳಲ್ಲಿ ಆ ಹಾಳೆಯನ್ನು ಪೂರ್ತಿ ಓದಿದ ತಂದೆತಾಯಿ ಒಬ್ಬರೂ ಸಿಕ್ಕಿರಲಿಲ್ಲ. ಸಹಿ ಹಾಕುವ ಜಾಗ ಎಲ್ಲಿ ಎಂದಷ್ಟೇ ಕೇಳುತ್ತಿದ್ದರು. ಈ ಮನುಷ್ಯ ಬಾಯಿಪಾಠ ಮಾಡಿದ್ದರು.

ಆಮೇಲೆ ಅಪ್ಪ ಹೇಳಿದ್ದನ್ನು ನಾನು ಚಿಕ್ಕದಾಗಿ ಹೇಳುತ್ತೇನೆ. ಆ ಹಾಳೆ ಮನೆಗೆ ಬಂದ ದಿನ ಸಂಜೆ ನಾಲ್ಕೂವರೆಗೆ ಅವರು ಹನ್ನೊಂದು ಮಹಡಿಯ ಕಟ್ಟಡದಲ್ಲಿ ಲಿಫ್ಟ್ ಪರೀಕ್ಷೆ ಮಾಡುತ್ತಿದ್ದರು. ಆರು ಮತ್ತು ಏಳನೆಯ ಮಹಡಿಗಳ ನಡುವೆ ಅದು ನಿಂತಿತು. ದೀಪವೂ ಹೋಯಿತು. ಇಪ್ಪತ್ತು ವರ್ಷದ ಕೆಲಸದಲ್ಲಿ ಎಷ್ಟೋ ಜನರನ್ನು ಹೊರಗೆ ತೆಗೆದಿದ್ದರು, ಒಳಗೆ ಸಿಕ್ಕಿಕೊಂಡದ್ದು ಅದೇ ಮೊದಲು. ಇಂಥ ಹೊತ್ತಿನಲ್ಲಿ ಕರೆಯಬೇಕಾದ ನಂಬರು ಬಾಗಿಲ ಪಕ್ಕದಲ್ಲೇ ಅಂಟಿಸಿತ್ತು. ಅದು ಅವರದೇ ನಂಬರು. ಜೊತೆ ಕೆಲಸದವನು ಊರಿನ ಆ ತುದಿಯಲ್ಲಿದ್ದ, ಬರಲು ಒಂದು ಗಂಟೆ ಬೇಕು ಎಂದ. ಬೆವರತೊಡಗಿತು, ಉಸಿರು ಹಿಡಿದುಕೊಂಡ ಹಾಗಾಯಿತು, ಮನೆಗೆ ಫೋನ್ ಮಾಡಿದರು. ಹೆಂಡತಿ ಕೆಲಸದಿಂದ ಬಂದಿರಲಿಲ್ಲ. ಮಗಳು ಎತ್ತಿದಳು.

"ಏನಾದ್ರೂ ಮಾತಾಡ್ತಾ ಇರು ಪುಟ್ಟಿ ಅಂದೆ. ಅವಳಿಗೆ ಮಾತು ಬರಲ್ಲ ಅಂತ ನಿಮಗೂ ಗೊತ್ತು. ಕೈಯಲ್ಲಿ ನಿಮ್ಮ ಹಾಳೆ ಇತ್ತಂತೆ, ನನ್ನ ಸಹಿಗೆ ಅಂತ ಇಟ್ಕೊಂಡಿದ್ಳು. ಅದನ್ನೇ ಓದಿದ್ಳು. ಇಂಗ್ಲಿಷಲ್ಲಿ ಒಂದು ಸಲ, ಅರ್ಥ ಒಂದು ಸಲ. ಮುಗಿದ್ರೆ ಮತ್ತೆ ಒಂದರಿಂದ. ನಾಲ್ಕು ಸಲ ಆಯ್ತು ಮಿಸ್, ಅವನು ಬರೋ ಹೊತ್ತಿಗೆ."

ಅಪ್ಪ ಕೈಯಲ್ಲಿ ಇಲ್ಲದ ಗ್ರೀಸನ್ನು ಬಟ್ಟೆಯಿಂದ ಒರೆಸಿಕೊಂಡರು.

"ತಪ್ಪು ತಿಳ್ಕೋಬೇಡಿ. ನಾವೂ ಪ್ರತಿ ಲಿಫ್ಟಲ್ಲಿ ಒಂದು ಹಾಳೆ ಅಂಟಿಸ್ತೀವಿ. ಇಷ್ಟು ಜನಕ್ಕಿಂತ ಜಾಸ್ತಿ ಹತ್ಬೇಡಿ, ಬಾಗಿಲಿಗೆ ಒರಗ್ಬೇಡಿ, ಹಿಂಗೆ. ಎಲ್ಲಾ ಆದ್ಮೇಲೆ ಕೊನೇಲಿ, ಸಿಕ್ಕಿಹಾಕ್ಕೊಂಡ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತ ಇರುತ್ತೆ. ಕತ್ತಲಲ್ಲಿ ಕೂತು ನಿಮ್ಮ ಹನ್ನೆರಡೂ ಕೇಳಿದೆ. ಅದೊಂದು ಇಲ್ವಲ್ಲ ಮಿಸ್."

"ಇದು ಶಾಲೆ. ಲಿಫ್ಟಲ್ಲ," ಎಂದರು ಮಿಸ್. ಎಂದ ಕೂಡಲೇ ತಮ್ಮ ದನಿ ತಮಗೇ ಗಡುಸಾಗಿ ಕೇಳಿಸಿತು.

ಅಪ್ಪ ತಲೆಯಾಡಿಸಿ ಒಪ್ಪಿಕೊಂಡರು. ಮಗಳು ಬರೆಯದೆ ಕೂತವಳಲ್ಲ, ದಿನಾ ಶಾಲೆಯಿಂದ ಬಂದು ಬರೆಯುತ್ತಾಳೆ, ತಪ್ಪಿದೆ ಎಂದು ತೆಗೆದಿಟ್ಟು ಇನ್ನೊಂದು ಬರೆಯುತ್ತಾಳೆ ಎಂದರು. ಒಂದು ನಟ್ಟು ಸಡಿಲ ಇದ್ದರೂ ಲಿಫ್ಟನ್ನು ಜನರಿಗೆ ಬಿಡಬಾರದು ಎಂದು ಮನೆಯಲ್ಲಿ ನಾನೇ ದಿನಾ ಹೇಳುತ್ತಿದ್ದೆ, ನಿಮ್ಮ ಐದನೆಯ ನಿಯಮವೂ ಅದನ್ನೇ ಹೇಳಿತು, ಹುಡುಗಿ ಎರಡನ್ನೂ ನಂಬಿಬಿಟ್ಟಳು ಎಂದರು.

ಅಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು. ನಂಬರ್ ನೋಡಿ ಎದ್ದು ನಿಂತರು. ಅವರ ದನಿಯೇ ಬದಲಾಯಿತು.

"ಒಬ್ಬರೇ ಇದೀರಾ? ಹೆದರ್ಬೇಡಿ, ಒಳಗೆ ಗಾಳಿ ಬರುತ್ತೆ. ಬಾಗಿಲು ಬಲವಂತವಾಗಿ ಎಳೀಬೇಡಿ. ಇಲ್ಲ ಇಲ್ಲ, ಫೋನ್ ಇಡ್ಬೇಡಿ. ನಾನು ಲೈನಲ್ಲೇ ಇದೀನಿ."

ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು, ಒಪ್ಪಿಗೆ ಪತ್ರವನ್ನು ಹತ್ತಿರ ಎಳೆದುಕೊಂಡು, ಸಹಿ ಹಾಕಿದರು. ಮಿಸ್ ಬೇಡ ಎನ್ನುವಷ್ಟರಲ್ಲಿ ಮೆಟ್ಟಿಲಿಳಿದು ಹೋಗಿದ್ದರು. ಮೆಟ್ಟಿಲ ತಿರುವಿನಿಂದಲೂ ಆ ದನಿ ಕೇಳುತ್ತಿತ್ತು, ಯಾರದೋ ಮಗುವಿಗೆ ಎಷ್ಟು ವಯಸ್ಸು ಎಂದು ವಿಚಾರಿಸುತ್ತಿತ್ತು.

(ನಾನಾಗಿದ್ದರೆ ಈ ಅಪ್ಪನ ಕೈಯಲ್ಲಿ ಸಹಿ ಹಾಕಿಸುತ್ತಿರಲಿಲ್ಲ. ಪತ್ರವನ್ನು ತಳ್ಳಿ ಎದ್ದು ಹೋಗುವಂತೆ ಮಾಡುತ್ತಿದ್ದೆ, ಓದುಗರು ಮೆಚ್ಚುತ್ತಿದ್ದರು. ಆದರೆ ಅವರು ನನ್ನ ಮಾತು ಕೇಳಲಿಲ್ಲ. ಹಾಕು ಅಂದ ಕಡೆ ಸಹಿ ಹಾಕಿಯೇ ಅವರಿಗೆ ಅಭ್ಯಾಸ.)

೫

ಶುಕ್ರವಾರ ಊಟದ ಬಿಡುವಿನಲ್ಲಿ ಮಿಸ್ ಪಿಸುವನ್ನು ಖಾಲಿ ಕ್ಲಾಸಿನಲ್ಲಿ ಕೂರಿಸಿಕೊಂಡರು. ಗೋಡೆಯ ಹಾಳೆಗೆ ಬೆನ್ನು ಮಾಡಿ ಕುಳಿತರು. ನೀನು ಬರೆದದ್ದನ್ನು ನೋಡಬಹುದಾ ಎಂದು ಕೇಳಿದರು.

ಪಿಸು ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಫೋಲ್ಡರ್ ತೆಗೆದಳು. ಒಳಗೆ ಹತ್ತೊಂಬತ್ತು ಹಾಳೆ. ಹತ್ತೊಂಬತ್ತರಲ್ಲೂ ಅದೇ ಒಂದು ಗಂಟೆ, ನಾಲ್ಕೂವರೆಯಿಂದ ಐದೂವರೆ. ಅವುಗಳನ್ನು ಬೋರಲು ಮಾಡಿ ಡೆಸ್ಕಿನ ಮೇಲೆ ಹರಡಿದಳು. ಬರೆದದ್ದನ್ನು ತೋರಿಸಲು ಅವಳು ತಯಾರಿರಲಿಲ್ಲ, ಹಿಂಬದಿ ಮಾತ್ರ. ಪ್ರತಿ ಹಾಳೆಯ ಹಿಂಬದಿಯಲ್ಲಿ ಅದನ್ನು ಯಾಕೆ ಬಿಟ್ಟೆ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದಳು.

ಮೂರು: ಹತ್ತು ಮಹಡಿ ಅಂತ ಬರೆದೆ. ಹನ್ನೊಂದು.
ಏಳು: ಅಪ್ಪ ಯಾವತ್ತೂ ಹೆದರಲ್ಲ ಅಂತ ಬರೆದೆ. ಅದು ಸುಳ್ಳು.
ಹನ್ನೆರಡು: ಇದರಲ್ಲಿ ಇಂಗ್ಲಿಷ್ ತುಂಬಾ ಚೆನ್ನಾಗಿದೆ. ನಾನು ಬರೆದ ಹಾಗಿಲ್ಲ.
ಹದಿನೈದು: ನಾಲ್ಕನೇ ಸಲ ಓದಿದಾಗ ಚೂಯಿಂಗ್ ಗಮ್ಮಿಗೆ ನಾವಿಬ್ಬರೂ ನಕ್ಕೆವು ಅಂತ ಬರೆದೆ. ಮಿಸ್‌ಗೆ ಬೇಜಾರಾಗಬಹುದು.

(ನನ್ನ ಮೇಜಿನ ಕೆಳಗಿನ ಬುಟ್ಟಿಯಲ್ಲೂ ಹತ್ತೊಂಬತ್ತಕ್ಕಿಂತ ಹೆಚ್ಚು ಹಾಳೆ ಇವೆ. ಒಂದರ ಹಿಂದೆಯೂ ಕಾರಣ ಬರೆದಿಲ್ಲ. ಇಷ್ಟು ವರ್ಷ ನಾನು ಬರೀ ಮುದುರಿ ಎಸೆದೆ.)

ಮಿಸ್ ಒಂದೊಂದನ್ನೂ ಓದಿದರು. ಹದಿನೈದಕ್ಕೆ ಬಂದಾಗ ಅವರಿಗೆ ನಗು ಬಂತು. ಹೆದರಿದ ಮನುಷ್ಯನೊಬ್ಬ ಕತ್ತಲೆಯಲ್ಲಿ ತಮ್ಮ ಎಂಟನೆಯ ನಿಯಮ ಕೇಳಿ ನಕ್ಕಿದ್ದ ಎನ್ನುವುದು ಆ ಹಾಳೆಗೆ ಸಿಕ್ಕ ಅತಿ ದೊಡ್ಡ ಮರ್ಯಾದೆ ಅನ್ನಿಸಿತು ಅವರಿಗೆ.

ಹತ್ತೊಂಬತ್ತನೆಯ ಹಾಳೆಯ ಹಿಂಬದಿ ಖಾಲಿ ಇತ್ತು.

"ಇದರಲ್ಲಿ ಏನ್ ತಪ್ಪು?"

"ಕೊನೇ ವಾಕ್ಯ ಮಿಸ್," ಎಂದಳು ಪಿಸು. ಮಿಸ್ ಮುಂದಕ್ಕೆ ಬಾಗಬೇಕಾಯಿತು. "ಅಪ್ಪ ಹೊರಗೆ ಬಂದ್ರು, ಎಲ್ಲಾ ಸರಿಹೋಯ್ತು ಅಂತ ಬರ್ದಿದೀನಿ. ಸರಿಹೋಗಿಲ್ಲ. ಈಗ್ಲೂ ಒಬ್ಬರೇ ಲಿಫ್ಟ್ ಒಳಗೆ ಹೋಗೋ ಮುಂಚೆ ಮನೆಗೆ ಫೋನ್ ಮಾಡ್ತಾರೆ. ನಾನು ಶಾಲೇಲಿ ಇರ್ತೀನಿ, ಅಮ್ಮನೂ ಇರಲ್ಲ, ಯಾರೂ ಎತ್ತಲ್ಲ ಅಂತ ಗೊತ್ತು. ಆದ್ರೂ ಮಾಡ್ತಾರೆ. ಮನೆಗೆ ಹೋದ್ರೆ ಫೋನಲ್ಲಿ ಮಿಸ್ಡ್ ಕಾಲ್ ಇರುತ್ತೆ. ನಿನ್ನೆ ಆರು ಕಾಲ್ ಇತ್ತು."

ಮಿಸ್ ಆ ಹಾಳೆಯ ಕಡೆಗೆ ಕೈ ಚಾಚಿದರು. ಪಿಸು ಅದನ್ನು ಎದೆಗೆ ಒತ್ತಿಕೊಂಡಳು. ಹಟವೇನಿಲ್ಲ, ಅಳುವೂ ಇಲ್ಲ. ಅವಳ ಕಣ್ಣು ಮಿಸ್‌ನ ಹೆಗಲಾಚೆ, ಗೋಡೆಯ ಮೇಲಿನ ಐದನೆಯ ಸಾಲಿನ ಕಡೆಗಿತ್ತು. ತಪ್ಪಿರುವುದನ್ನು ಕೊಡಬಾರದು, ತಾನು ಕೊಡುವುದಿಲ್ಲ. ಐದು ಅವಳ ಕೈ ಕಟ್ಟಿತ್ತು, ಒಂಬತ್ತು ಬಾಯಿ ಕಟ್ಟಿತ್ತು, ಆರು ಬಂದು ಸೊನ್ನೆ ಹಾಕಿ ಹೋಗಿತ್ತು. ಮೂರನ್ನೂ ಬರೆದವರು ಎದುರಿಗೆ ಕೂತಿದ್ದರು.

ತೆಗೆದುಕೊಂಡುಬಿಡಿ, ಒಂದೇ ಹಾಳೆ, ಕಥೆ ಮುಂದಕ್ಕೆ ಹೋಗಲಿ ಎಂದು ನಾನು ಮಿಸ್ ಕಿವಿಯಲ್ಲಿ ಹೇಳಿದೆ.

"ಕಿತ್ಕೊಳ್ಳೋದಾ?" ಎಂದರು ಅವರು ನನ್ನ ಕಡೆ ತಿರುಗಿ.

೬

ಈಗ ಮುಕ್ತಾಯಗಳು. ನನ್ನ ಬಳಿ ಮೂರಿವೆ, ನೋಡಿ ಆರಿಸಿಕೊಳ್ಳಿ.

(ಅ) ಮಿಸ್ ಗೋಡೆಯ ಹಾಳೆಯನ್ನು ಪರ್‍ರನೆ ಹರಿಯುತ್ತಾರೆ. ಮೂವತ್ತೆಂಟು ಮಕ್ಕಳು ಚಪ್ಪಾಳೆ. ಇದನ್ನು ಬರೆದು ನನಗೇ ರೋಮಾಂಚನವಾಯಿತು. ಮಿಸ್ ಓದಿ ಮೂಗು ಮುರಿದರು. ಹರಿದ ಮಾರನೆಯ ದಿನ ಬೆಳಗ್ಗೆ ಆ ಮೂವತ್ತೆಂಟರ ಮುಂದೆ ನೀವು ಬಂದು ನಿಂತು ನೋಡಿ ಎಂದರು. ನಿಯಮವಿಲ್ಲದ ಕ್ಲಾಸಿನಲ್ಲಿ ಗಟ್ಟಿ ದನಿಯವರು ಬದುಕುತ್ತಾರೆ, ಪಿಸುವಿನಂಥವರು ಬೆಂಚಿನಡಿ ಸೇರುತ್ತಾರೆ ಎಂದರು. ಪಿಸು ಕೂಡ ಬೇಡ ಎಂದು ತಲೆಯಾಡಿಸಿದಳು. ಅಪ್ಪನಿಗೆ ಓದಿದ ಹಾಳೆ ಅದು, ಹರಿಯಬೇಡಿ ಎಂದಳು. ಇಬ್ಬರೂ ಒಂದಾದ ಮೇಲೆ ನನ್ನದೇನು ನಡೆಯುತ್ತದೆ.

(ಆ) ಮಿಸ್ ಯಾರಿಗೂ ತಿಳಿಯದ ಹಾಗೆ ಮೂರು ಸೊನ್ನೆ ಅಳಿಸುತ್ತಾರೆ. ಇದು ಸುಲಭ, ರಬ್ಬರ್ ಸಾಕು. ಆದರೆ ಪಟ್ಟಿಯಲ್ಲಿ ಇನ್ನೂ ಇಬ್ಬರಿದ್ದರು. ಅವರನ್ನೂ ಮಿಸ್ ಯಾವತ್ತೂ ಕೇಳಿರಲಿಲ್ಲ. ಊಟದ ಬಿಡುವು ಮುಗಿಯುವ ಮೊದಲು ಕರೆದು ಕೇಳಿದರು. ಒಬ್ಬಳಿಗೆ ವಾರಕ್ಕೊಮ್ಮೆ ಮನೆ ಬದಲಾಗುತ್ತಿತ್ತು, ಈ ವಾರ ಅಮ್ಮನ ಹತ್ತಿರ, ಮುಂದಿನ ವಾರ ಅಪ್ಪನ ಹತ್ತಿರ. 'ನಮ್ಮ ಮನೆ' ಅಂದರೆ ಯಾವುದನ್ನು ಬರೆಯಲಿ ಎಂದು ಅವಳಿಗೆ ತಿಳಿದಿರಲಿಲ್ಲ. ಇನ್ನೊಬ್ಬ ಹಲ್ಲು ಕಿರಿದು, "ಬರೀಲಿಲ್ಲ ಮಿಸ್, ಅಷ್ಟೇ," ಎಂದ. ಮಿಸ್‌ಗೆ ಅವನ ಮೇಲೂ ಪ್ರೀತಿ ಬಂತು, ನಿಜ ಹೇಳಿದನಲ್ಲ ಎಂದು. ರಬ್ಬರ್ ಎಷ್ಟು ಸೊನ್ನೆ ಅಳಿಸಬೇಕು, ಯಾರದನ್ನು ಬಿಡಬೇಕು, ಮಿಸ್‌ಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

(ಇ) ಪಿಸುವಿನ ಪ್ರಬಂಧಕ್ಕೆ ಅಂತರಶಾಲಾ ಸ್ಪರ್ಧೆಯಲ್ಲಿ ಮೊದಲ ಬಹುಮಾನ. ಅಪ್ಪ ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಇದನ್ನು ಯಾರಿಗೂ ತೋರಿಸದೆ ನಾನೇ ಹೊಡೆದು ಹಾಕಿದೆ. ನಾಚಿಕೆ ಎನ್ನುವುದು ಸ್ವಲ್ಪ ಉಳಿದಿದೆ.

೭

ಶುಕ್ರವಾರದ ಕೊನೆಯ ಪೀರಿಯಡ್ ಇಂಗ್ಲಿಷ್. ಮೂರು ಗಂಟೆಗೆ ಮಿಸ್ ಒಳಗೆ ಬಂದರು. ಪಟ್ಟಿಯನ್ನು ಮೇಜಿನ ಮೇಲೆ ಡಸ್ಟರ್ ಕೆಳಗಿಟ್ಟರು. ಪುಸ್ತಕ ತೆಗೆಯಿರಿ ಎನ್ನಲಿಲ್ಲ. ಬೋರ್ಡಿನ ಮೇಲೆ ದೊಡ್ಡದಾಗಿ ಹದಿಮೂರು ಎಂದು ಬರೆದರು.

ಮಕ್ಕಳು ಮುಖ ಮುಖ ನೋಡಿಕೊಂಡರು. ಹನ್ನೆರಡೇ ಹೆಚ್ಚಾಗಿತ್ತು.

ಮಿಸ್ ಬರೆದರು: ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನನಗೆ ಹೇಳಿ. ನೋಡಿದರು. ಒಂಬತ್ತನೆಯ ನಿಯಮ ಗೋಡೆಯ ಮೇಲಿಂದ ಅವರನ್ನೇ ನೋಡುತ್ತಿತ್ತು. ಒರೆಸಿದರು.

ಸರಿಯಾದ ಕಾರಣವಿದ್ದರೆ ಹೇಳಿ. ಸರಿಯೋ ಅಲ್ಲವೋ ತೀರ್ಮಾನಿಸುವವರು ಯಾರು? ಒರೆಸಿದರು.

ಶಾಲೆಯ ವೇಳೆಯಲ್ಲಿ ಹೇಳಿ. ಟೈಮ್‌ಟೇಬಲ್ ನೋಡಿಕೊಂಡು ಯಾರೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ಒರೆಸಿದರು.

ಯಾವಾಗ ಬೇಕಾದರೂ ಹೇಳಿ. ಇದನ್ನು ಬರೆದು ಬಹಳ ಹೊತ್ತು ನಿಂತರು. ಚೆನ್ನಾಗಿತ್ತು. ಆದರೆ ಸುಳ್ಳು. ಅವರಿಗೂ ಮನೆಯಿದೆ, ಸುಸ್ತಿದೆ, ಎತ್ತದೆ ಬಿಟ್ಟ ಫೋನುಗಳಿವೆ. ಮೂವತ್ತೆಂಟು ಜನರಿಗೆ ಯಾವಾಗ ಬೇಕಾದರೂ ಎನ್ನಲು ಅವರಿಂದ ಆಗುವುದಿಲ್ಲ. ನಿಧಾನವಾಗಿ ಒರೆಸಿದರು.

ಇಡೀ ಕ್ಲಾಸು ನೋಡುತ್ತಿತ್ತು. ಮಿಸ್ ಬರೆದದ್ದನ್ನು ಮಿಸ್ಸೇ ಅಳಿಸುವುದನ್ನು ಅವರು ನೋಡಿರಲಿಲ್ಲ. ಮಿಸ್‌ನ ತೋಳು, ಕೂದಲು, ಕನ್ನಡಕ ಎಲ್ಲ ಚಾಕಿನ ಪುಡಿ. ಮೂರು ಇಪ್ಪತ್ತೆರಡಕ್ಕೆ ಹೆಡ್‌ಮಿಸ್ ಬಾಗಿಲಲ್ಲಿ ಬಂದು ನಿಂತರು. ಪಟ್ಟಿ ಎಂದು ಕೇಳಲಿಲ್ಲ, ಗಡಿಯಾರ ನೋಡಿಕೊಂಡರು. ಕೇಳುವುದಕ್ಕಿಂತ ಅದೇ ಜೋರಾಗಿತ್ತು.

ಮಿಸ್ ಮತ್ತೆ ಬರೆದರು: ಸಿಕ್ಕಿಹಾಕಿಕೊಂಡರೆ, ನಾನು

ಅಲ್ಲಿಗೆ ಕೈ ನಿಂತಿತು. ನಾನು ಏನು? ಬರುತ್ತೇನೆಯೇ? ಕೇಳುತ್ತೇನೆಯೇ? ಅಂಕ ಕೊಡುತ್ತೇನೆಯೇ? ಚಾಕ್‌ಪೀಸ್ ಬೋರ್ಡಿಗೆ ತಾಗಿಕೊಂಡೇ ಇತ್ತು. ಒಂದು ನಿಮಿಷವಾಯಿತು. ಎಡಗೈ ಡಸ್ಟರಿಗೆ ಹೋಯಿತು.

ಮೂರನೇ ಬೆಂಚಿನಿಂದ ಒಂದು ದನಿ ಬಂತು. ಕೊನೆಯ ಬೆಂಚಿಗೂ, ಬಾಗಿಲಲ್ಲಿದ್ದ ಹೆಡ್‌ಮಿಸ್‌ಗೂ ಕೇಳುವಷ್ಟು ಗಟ್ಟಿಯಾಗಿತ್ತು. ಇಂಗ್ಲಿಷಿನಲ್ಲಿ ಇರಲಿಲ್ಲ. ನಾಲ್ಕನೆಯ ನಿಯಮ ಆ ಹೊತ್ತಿಗೆ ಯಾರ ನೆನಪಿಗೂ ಬರಲಿಲ್ಲ.

"ತಪ್ಪಿದ್ರೆ ಇರ್ಲಿ ಮಿಸ್. ಹಾಗೇ ಕೊಡಿ."

ಮಿಸ್ ತಿರುಗಿದರು. ಪಿಸು ಎದ್ದು ನಿಂತಿದ್ದಳು, ಹೇಳಿದ್ದು ತಾನೇ ಎಂದು ನಂಬಿಕೆಯಿಲ್ಲದವಳ ಹಾಗೆ. ಮಿಸ್ ಡಸ್ಟರನ್ನು ಮತ್ತೆ ಪಟ್ಟಿಯ ಮೇಲಿಟ್ಟರು. ಅರ್ಧ ವಾಕ್ಯ ಬೋರ್ಡಿನ ಮೇಲೆ ಹಾಗೇ ಉಳಿಯಿತು. ಮೂರನೇ ಬೆಂಚಿನವರೆಗೆ ನಡೆದು ಹೋಗಿ, ಚಾಕಿನ ಪುಡಿ ಮೆತ್ತಿದ ಅಂಗೈಯನ್ನು ಚಾಚಿದರು. ಕಿತ್ತುಕೊಳ್ಳುವ ಕೈಯಲ್ಲ, ಕೇಳುವ ಕೈ.

"ನಾನು ಕೊಟ್ಟೆ," ಎಂದರು. "ನೀನು?"

೮

ಕೊಟ್ಟಳೇ ಎಂದು ಕೇಳುತ್ತೀರಿ. ಸಂಪಾದಕಿಯೂ ಅದನ್ನೇ ಕೇಳಿದರು, ನಾಲ್ಕನೆಯ ಸಲ ಫೋನ್ ಮಾಡಿದಾಗ.

ನಾಲ್ಕು ರೀತಿ ಬರೆದು ನೋಡಿದ್ದೇನೆ. ಒಂದರಲ್ಲಿ ಕೊಟ್ಟಳು, ಪಟ್ಟಿ ಡಸ್ಟರ್ ಕೆಳಗೇ ಉಳಿಯಿತು. ಒಂದರಲ್ಲಿ ಕೊಟ್ಟಳು, ಆದರೂ ಹೆಡ್‌ಮಿಸ್ ಪಟ್ಟಿ ತೆಗೆದುಕೊಂಡು ಹೋದರು. ಒಂದರಲ್ಲಿ ಗಂಟೆ ಬಾರಿಸಿತು. (ಕೊನೆಗೂ ಬಾರಿಸಿತು!) ಇನ್ನೊಂದರಲ್ಲಿ ಎಲ್ಲಾ ಸರಿಹೋಯಿತು. ಈ ಸಲ ಹಾಳೆಗಳನ್ನು ಮುದುರಿ ಎಸೆಯಲಿಲ್ಲ. ಹಿಂಬದಿಯಲ್ಲಿ ಪೆನ್ಸಿಲ್ ಹಿಡಿದು, ಯಾಕೆ ಬಿಟ್ಟೆ ಎಂದು ಬರೆದಿಟ್ಟಿದ್ದೇನೆ. ನಾಲ್ಕನೆಯದರ ಹಿಂದೆ ಬರೆದದ್ದು ಇಷ್ಟು: ಸರಿಹೋಗಿಲ್ಲ.

ನನಗೆ ಗೊತ್ತಿರುವ ನಿಜ ಸ್ವಲ್ಪವೇ. ಮಿಸ್‌ನ ಕೈ ಚಾಚಿಯೇ ಇದೆ. ಪಿಸುವಿನ ಕೈ ಬ್ಯಾಗಿನ ಒಳಗಿದೆ, ಪ್ಲಾಸ್ಟಿಕ್ ಫೋಲ್ಡರಿನ ಸದ್ದು ಕೇಳುತ್ತಿದೆ. ಊರಿನ ಯಾವುದೋ ಕಟ್ಟಡದ ಕೆಳಗೆ ಒಬ್ಬ ಲಿಫ್ಟ್ ಮೆಕ್ಯಾನಿಕ್ ಒಳಗೆ ಕಾಲಿಡುವ ಮೊದಲು, ಯಾರೂ ಇಲ್ಲದ ಮನೆಗೆ ಫೋನ್ ಮಾಡುತ್ತಿದ್ದಾರೆ. ಅದು ಹೊಡೆದುಕೊಳ್ಳುತ್ತಿದೆ.

ಮೂರು ಇಪ್ಪತ್ತೊಂಬತ್ತು. ಈ ಕಥೆಯನ್ನು ನಾನು ಹೀಗೇ, ತಪ್ಪಿನ ಸಮೇತ ಒಪ್ಪಿಸುತ್ತಿದ್ದೇನೆ, ಅದೂ ಹನ್ನೊಂದು ದಿನ ತಡವಾಗಿ. ಸೊನ್ನೆ ಹಾಕುವವರು ಹಾಕಲಿ. ಮಹಡಿಗಳ ನಡುವೆ ನಿಲ್ಲಿಸಿ ಹೋದ ಎಂದು ನಿಮಗೆ ಅನ್ನಿಸಿದರೆ ಬಾಗಿಲನ್ನು ಬಲವಂತವಾಗಿ ಎಳೆಯಬೇಡಿ. ಒಳಗೆ ಗಾಳಿ ಬರುತ್ತದೆ. ನಾನು ಲೈನಲ್ಲೇ ಇದ್ದೇನೆ